ಕಂಪನಿಯಲ್ಲಿ ಗಿಟ್ ಹೇಗೆ ಬಳಸುತ್ತಾರೆ? ಬಳ್ಳಾರಿ, ರಾಯಚೂರು, ಕೊಪ್ಪಳದ ಹೊಸಬರಿಗೆ ಹಂತ ಹಂತವಾಗಿ

“ಸರ್, ಕಾಲೇಜಿನ್ಯಾಗ ಗಿಟ್ ಕಲ್ತೀವಿ. ಆದ್ರ ಕಂಪನ್ಯಾಗ ಅದನ್ನ ಹ್ಯಾಂಗ ಬಳಸ್ತಾರ?” ರಾಯಚೂರು, ಸಿಂಧನೂರು, ಹೊಸಪೇಟೆ ಕಡೆಯ ಹುಡುಗರು, ಹುಡುಗಿಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಕಾಲೇಜಿನಲ್ಲಿ ಗಿಟ್ ಅಂದರೆ ಪ್ರಾಜೆಕ್ಟ್ ಮುಗಿದ ಮೇಲೆ ಗಿಟ್‌ಹಬ್‌ಗೆ ಏರಿಸುವುದು, ಅಷ್ಟೇ. ಕಂಪನಿಯಲ್ಲಿ ಕೆಲಸ ಶುರುವಾಗುವುದೇ ಗಿಟ್‌ನಿಂದ. ಕೋಡಿನ ಒಂದು ಸಾಲು ಯಾಕೆ ಬದಲಾಯಿತು, ಯಾರು ಬದಲಿಸಿದರು, ಯಾರು ನೋಡಿ ಒಪ್ಪಿದರು ಎಂಬುದು ಅದರಲ್ಲೇ ಉಳಿಯುತ್ತದೆ. ರಾಯಚೂರಿನ ಎಪಿಎಂಸಿಯಲ್ಲಿ ಅಡತಿ ಅಂಗಡಿಯ ಲೆಕ್ಕದ ಪುಸ್ತಕ ನೋಡಿದ್ದೀರಲ್ವಾ? ಅಲ್ಲಿ ಗುಮಾಸ್ತ ತಪ್ಪಾದ ಸಾಲನ್ನು ಅಳಿಸುವುದಿಲ್ಲ. ಅದನ್ನು ಹಾಗೇ ಬಿಟ್ಟು, ಕೆಳಗೆ ಉಲ್ಟಾ ಎಂಟ್ರಿ ಹಾಕುತ್ತಾನೆ. ಗಿಟ್ ಕೂಡ ಇಂಥದ್ದೇ ಪುಸ್ತಕ, ಆದರೆ ಕೋಡಿನದು. ಇದು ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸಲೀಸು.

ಗಿಟ್ ಒಂದು ವರ್ಷನ್ ಕಂಟ್ರೋಲ್ ಸಾಫ್ಟ್‌ವೇರ್. ವರ್ಷನ್ ಕಂಟ್ರೋಲ್ ಎಂದರೆ ಫೈಲುಗಳ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ವ್ಯವಸ್ಥೆ. ಇದು ಹೊಸದೇನಲ್ಲ. 1972ರಲ್ಲೇ ಬೆಲ್ ಲ್ಯಾಬ್ಸ್‌ನಲ್ಲಿ ಎಸ್‌ಸಿಸಿಎಸ್ ಎಂಬ ವ್ಯವಸ್ಥೆ ಇತ್ತು. ಆಮೇಲೆ ಸಿವಿಎಸ್ ಬಂತು, 2000ದಲ್ಲಿ ಸಬ್‌ವರ್ಷನ್ ಶುರುವಾಯಿತು. ಗಿಟ್ ಹುಟ್ಟಿದ್ದು 2005ರಲ್ಲಿ. ಲಿನಕ್ಸ್ ಕರ್ನೆಲ್ ತಂಡ ಅಲ್ಲಿಯವರೆಗೆ ಬಳಸುತ್ತಿದ್ದ ಬಿಟ್‌ಕೀಪರ್ ಉಚಿತವಾಗಿ ಸಿಗುವುದು ನಿಂತಾಗ ಲಿನಸ್ ಟೋರ್ವಾಲ್ಡ್ಸ್ ತಾವೇ ಇದನ್ನು ಬರೆದರು. ಅದೇ ವರ್ಷದ ಜುಲೈಯಿಂದ ಜುನಿಯೊ ಹಮಾನೊ ಅದನ್ನು ನೋಡಿಕೊಳ್ಳುತ್ತಿದ್ದಾರೆ. ಇನ್ನೊಂದು ಮಾತು: ಗಿಟ್ ಬೇರೆ, ಗಿಟ್‌ಹಬ್ ಬೇರೆ. ಗಿಟ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡುವ ಸಾಫ್ಟ್‌ವೇರ್. ಗಿಟ್‌ಹಬ್, ಗಿಟ್‌ಲ್ಯಾಬ್, ಬಿಟ್‌ಬಕೆಟ್ ಇವು ಆ ಕೋಡನ್ನು ಇಂಟರ್‌ನೆಟ್‌ನಲ್ಲಿ ಇಟ್ಟು, ತಂಡದವರು ಸೇರಿ ಕೆಲಸ ಮಾಡಲು ಇರುವ ಜಾಗಗಳು. ಇಂಟರ್‌ವ್ಯೂನಲ್ಲಿ ಇದನ್ನು ಅದಲುಬದಲು ಮಾಡಬೇಡಿ.

ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. ಗಂಗಾವತಿಯ ಒಂದು ರೈಸ್ ಮಿಲ್‌ಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಮೂವರ ತಂಡದಲ್ಲಿ ನೀವಿದ್ದೀರಿ ಅಂದುಕೊಳ್ಳಿ. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ 25 ಕೆಜಿವರೆಗಿನ ಚೀಲವಾದರೆ 5% ಜಿಎಸ್‌ಟಿ ಬೀಳುತ್ತದೆ. ನಿಮ್ಮ ಸಾಫ್ಟ್‌ವೇರ್ 10 ಕೆಜಿ ಚೀಲಕ್ಕೆ ಸರಿಯಾಗಿ ತೆರಿಗೆ ಹಾಕುತ್ತಿದೆ, ಸರಿಯಾಗಿ 25 ಕೆಜಿ ಇರುವ ಚೀಲಕ್ಕೆ ಮಾತ್ರ ಹಾಕುತ್ತಿಲ್ಲ. ಮಿಲ್‌ನಲ್ಲಿ ಜಾಸ್ತಿ ಮಾರುವುದೇ 25ರ ಚೀಲ. ಮಾಲೀಕರು ಫೋನ್ ಮಾಡಿದ್ದಾರೆ. ಕೆಲಸ ನಿಮಗೆ ಬಂದಿದೆ.

ಏನೇನು ಬೇಕು: ಗಿಟ್ ಹಾಕಿದ ಒಂದು ಲ್ಯಾಪ್‌ಟಾಪ್, ಗಿಟ್‌ಹಬ್‌ನಲ್ಲಿ ಒಂದು ಖಾತೆ, ಒಂದು ಒಳ್ಳೆಯ ಎಡಿಟರ್. ಗಿಟ್ ಪುಕ್ಕಟೆ. ಗಿಟ್‌ಹಬ್‌ನಲ್ಲಿ ಖಾಸಗಿ ರೆಪೊ ಕೂಡ ಈಗ ಪುಕ್ಕಟೆಯಾಗಿ ಸಿಗುತ್ತದೆ. ರೆಪೊ ಎಂದರೆ ಕೋಡು ಮತ್ತು ಅದರ ಪೂರ್ತಿ ಇತಿಹಾಸ ಇರುವ ಫೋಲ್ಡರ್. ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕಂಪ್ಯೂಟರ್‌ನಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು.

1. ಮೊದಲು ನಿಮ್ಮ ಗುರುತು ಹೇಳಿ

“ಗಿಟ್ ಕಾನ್ಫಿಗ್” ಕಮಾಂಡಿನಿಂದ ನಿಮ್ಮ ಹೆಸರು, ಇಮೇಲ್ ಹಾಕಿ. ಕಂಪನಿಯ ಲ್ಯಾಪ್‌ಟಾಪಿನಲ್ಲಿ ಕಂಪನಿಯ ಇಮೇಲ್ ಇರಲಿ. ಪ್ರತಿ ಬದಲಾವಣೆಯ ಮೇಲೂ ಇದೇ ಅಚ್ಚಾಗುತ್ತದೆ, ಆಮೇಲೆ ತಿದ್ದುವುದು ಕಷ್ಟ.

ಗಿಟ್‌ಹಬ್ 2021ರ ಆಗಸ್ಟ್ 13ರಿಂದ ಕಮಾಂಡ್ ಲೈನ್‌ನಲ್ಲಿ ಪಾಸ್‌ವರ್ಡ್ ಒಪ್ಪುವುದಿಲ್ಲ. “ಪಾಸ್‌ವರ್ಡ್ ಸರಿ ಇದೆ, ಆದ್ರೂ ಒಳಗೆ ಬಿಡ್ತಿಲ್ಲ” ಎಂದು ಇವತ್ತಿಗೂ ಕೇಳುತ್ತಾರೆ. ಕಾರಣ ಇದೇ. ಎಸ್‌ಎಸ್‌ಎಚ್ ಕೀ ಅಥವಾ ಟೋಕನ್ (ಪಾಸ್‌ವರ್ಡ್ ಬದಲು ಬಳಸಲು ಗಿಟ್‌ಹಬ್ ಕೊಡುವ ಉದ್ದನೆಯ ಗುಪ್ತ ಅಕ್ಷರಗಳ ಸಾಲು) ಮಾಡಿಕೊಳ್ಳಿ. ಎಸ್‌ಎಸ್‌ಎಚ್ ಕೀ ಅಂದರೆ ಒಂದು ಜೋಡಿ: ಬೀಗ ಗಿಟ್‌ಹಬ್‌ಗೆ ಕೊಡುತ್ತೀರಿ, ಕೀಲಿ ನಿಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತದೆ. ಕೀಲಿಯನ್ನು ಯಾರಿಗೂ ಕಳಿಸಬೇಡಿ, ತಂಡದ ಹಿರಿಯರು ಕೇಳಿದರೂ ಕೂಡ.

ವಿಂಡೋಸ್ ಬಳಸುವವರು ಇನ್ನೊಂದನ್ನು ನೋಡಿಕೊಳ್ಳಿ. ವಿಂಡೋಸ್ ಸಾಲಿನ ಕೊನೆಯಲ್ಲಿ ಎರಡು ಗುರುತು ಇಡುತ್ತದೆ, ಲಿನಕ್ಸ್ ಒಂದೇ ಇಡುತ್ತದೆ. ಇದು ಹೊಂದದಿದ್ದರೆ ನೀವು ಒಂದು ಸಾಲು ಬದಲಿಸಿದರೂ ಪೂರ್ತಿ ಫೈಲೇ ಬದಲಾದಂತೆ ಕಾಣುತ್ತದೆ. ರೆಪೊದಲ್ಲಿ “ಗಿಟ್‌ಆಟ್ರಿಬ್ಯೂಟ್ಸ್” ಫೈಲ್ ಇದೆಯಾ ಎಂದು ತಂಡದವರನ್ನು ಮೊದಲ ದಿನವೇ ಕೇಳಿ.

2. ಕ್ಲೋನ್ ಮಾಡಿ

“ಗಿಟ್ ಕ್ಲೋನ್” ಕೊಟ್ಟರೆ ರೆಪೊ ನಿಮ್ಮ ಲ್ಯಾಪ್‌ಟಾಪಿಗೆ ಇಳಿಯುತ್ತದೆ. ಇವತ್ತಿನ ಕೋಡು ಮಾತ್ರ ಅಲ್ಲ, ಹಿಂದಿನ ಎಲ್ಲ ಇತಿಹಾಸವೂ ಬರುತ್ತದೆ. ಹಾಗಾಗಿ ಕೊಪ್ಪಳದ ರೂಮಿನಲ್ಲಿ ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಬದಲಿಸಬಹುದು, ದಾಖಲಿಸಬಹುದು, ಹಳೆಯದನ್ನು ತೆರೆದು ನೋಡಬಹುದು. ಕಳಿಸುವಾಗ, ತರುವಾಗ ಮಾತ್ರ ನೆಟ್ ಬೇಕು.

3. ಬ್ರಾಂಚ್ ತೆಗೆದುಕೊಳ್ಳಿ

ಬ್ರಾಂಚ್ ಎಂದರೆ ಮುಖ್ಯ ಕೋಡಿಗೆ ಕೈ ಹಚ್ಚದೆ ಪಕ್ಕದಲ್ಲಿ ಮಾಡುವ ಕೆಲಸದ ದಾರಿ. ಮುಖ್ಯ ಬ್ರಾಂಚಿಗೆ ಸಾಮಾನ್ಯವಾಗಿ “ಮೇನ್” ಎಂದು ಹೆಸರು, ಹಳೆಯ ರೆಪೊಗಳಲ್ಲಿ “ಮಾಸ್ಟರ್”. ಕಂಪನಿಗಳು ಮೇನ್‌ಗೆ ಬೀಗ ಹಾಕಿರುತ್ತವೆ. ನೇರವಾಗಿ ಅದಕ್ಕೆ ಕಳಿಸಲು ಹೋದರೆ ಸರ್ವರ್ ಬೇಡ ಅನ್ನುತ್ತದೆ.

ಮೊದಲು “ಗಿಟ್ ಪುಲ್” ಮಾಡಿ ಹೊಸ ಕೋಡು ತಂದುಕೊಳ್ಳಿ, ಆಮೇಲೆ “ಗಿಟ್ ಸ್ವಿಚ್ -ಸಿ” ಕೊಟ್ಟು ಹೊಸ ಬ್ರಾಂಚ್ ಮಾಡಿ. ಈ ಎರಡರ ಕ್ರಮ ತಪ್ಪಿಸಬೇಡಿ. ಹದಿನೈದು ದಿನದ ಹಳೆಯ ಕೋಡಿನ ಮೇಲೆ ಕಟ್ಟಿದ ಬ್ರಾಂಚ್ ಕೊನೆಯಲ್ಲಿ ಗೋಳು ಹೊಯ್ದುಕೊಳ್ಳುತ್ತದೆ. ಹೆಸರಿನಲ್ಲಿ ಟಿಕೆಟ್ ನಂಬರ್ ಇರಲಿ: “ಬಿಲ್-142-25ಕೆಜಿ-ಜಿಎಸ್‌ಟಿ” ಎಂಬಂತೆ. ಟಿಕೆಟ್ ಎಂದರೆ ತಂಡದ ಕೆಲಸಗಳ ಪಟ್ಟಿ ಇಡುವ ಜಿರಾದಂಥ ಸಾಫ್ಟ್‌ವೇರ್‌ನಲ್ಲಿ ಬರೆದಿಟ್ಟ ಕೆಲಸದ ಚೀಟಿ.

ಬ್ರಾಂಚ್‌ಗಳನ್ನು ಹೇಗೆ ನಡೆಸಬೇಕು ಎಂಬುದರಲ್ಲಿ ಎರಡು ಮುಖ್ಯ ಪದ್ಧತಿ ಇವೆ. ಒಂದು ಗಿಟ್-ಫ್ಲೋ, 2010ರಲ್ಲಿ ವಿನ್ಸೆಂಟ್ ಡ್ರೀಸೆನ್ ವಿವರಿಸಿದ್ದು. ಅದರಲ್ಲಿ ಡೆವಲಪ್, ರಿಲೀಸ್, ಹಾಟ್‌ಫಿಕ್ಸ್ ಎಂದು ಹಲವು ಬ್ರಾಂಚ್ ಇರುತ್ತವೆ. ಇನ್ನೊಂದು ಟ್ರಂಕ್ ಪದ್ಧತಿ. ಅಲ್ಲಿ ಎಲ್ಲರೂ ಒಂದೇ ಮುಖ್ಯ ಬ್ರಾಂಚಿಗೆ ಸಣ್ಣ ಸಣ್ಣದಾಗಿ, ಬೇಗ ಬೇಗ ಸೇರಿಸುತ್ತಾರೆ. ಗೂಗಲ್ ಕೆಲಸ ಮಾಡುವುದು ಹೀಗೆ, ಅದೂ ಗಿಟ್ ಅಲ್ಲದ ತನ್ನದೇ ವ್ಯವಸ್ಥೆಯಲ್ಲಿ. ವೆಬ್‌ಸೈಟ್, ಆ್ಯಪ್‌ನ ಸರ್ವರ್ ಮಾಡುವ ಸಣ್ಣ ತಂಡಕ್ಕೆ ಎರಡನೆಯದೇ ಸರಿ ಎಂದು ನನಗೆ ಅನ್ನಿಸುತ್ತದೆ. ಆದರೆ ಸೇರಿದ ಕಂಪನಿಯಲ್ಲಿ ಯಾವುದು ನಡೆಯುತ್ತಿದೆಯೋ ಅದನ್ನೇ ಹಿಡಿಯಿರಿ.

4. ಬದಲಿಸಿ, ನೋಡಿ, ಕಮಿಟ್ ಮಾಡಿ

ನಮ್ಮ ತಪ್ಪು ಇರುವುದು ಒಂದೇ ಸಾಲಿನಲ್ಲಿ. ಸರಿಪಡಿಸಿ “ಗಿಟ್ ಡಿಫ್” ಕೊಟ್ಟರೆ ಹೀಗೆ ಕಾಣುತ್ತದೆ:

- ತೂಕ < 25
+ ತೂಕ <= 25

ಮೈನಸ್ ಇರುವುದು ಹಳೆಯ ಸಾಲು, ಪ್ಲಸ್ ಇರುವುದು ಹೊಸದು. ಸೇರಿದ್ದು ಒಂದು ಸಮ ಚಿಹ್ನೆ ಮಾತ್ರ. “25ಕ್ಕಿಂತ ಕಡಿಮೆ” ಇದ್ದದ್ದು “25ವರೆಗೆ” ಆಯಿತು.

ಈಗ “ಗಿಟ್ ಆ್ಯಡ್”. ಇದು ಯಾವ ಬದಲಾವಣೆ ದಾಖಲಾಗಬೇಕು ಎಂದು ಆರಿಸಿ ಮುಂದೆ ಇಡುವ ಕೆಲಸ. ಆಮೇಲೆ “ಗಿಟ್ ಕಮಿಟ್”. ಕಮಿಟ್ ಎಂದರೆ ಪುಸ್ತಕದಲ್ಲಿ ಒಂದು ಎಂಟ್ರಿ. ಪ್ರತಿ ಕಮಿಟ್‌ಗೂ 40 ಅಕ್ಷರದ ಒಂದು ಗುರುತು ಸಿಗುತ್ತದೆ, ದಿನದ ಕೆಲಸದಲ್ಲಿ ಅದರ ಮೊದಲ ಏಳೆಂಟು ಅಕ್ಷರ ಸಾಕು.

ಹೊಸಬರು ಎಡವುವುದು ಇಲ್ಲೇ. “ಗಿಟ್ ಆ್ಯಡ್” ಪಕ್ಕ ಒಂದು ಚುಕ್ಕೆ ಇಟ್ಟು ಎಲ್ಲವನ್ನೂ ಒಟ್ಟಿಗೆ ತುಂಬುತ್ತಾರೆ. ಟೆಸ್ಟ್ ಮಾಡಲು ಹಾಕಿದ ಸಾಲು, ಡೇಟಾಬೇಸ್ ಪಾಸ್‌ವರ್ಡ್ ಇರುವ ಫೈಲ್, ಮಿಲ್‌ನವರು ಕಳಿಸಿದ ಎಕ್ಸೆಲ್, ಎಲ್ಲ ಒಳಗೆ ಹೋಗುತ್ತವೆ. “ಗಿಟ್ ಆ್ಯಡ್ -ಪಿ” ಬಳಸಿ ನೋಡಿ. ಒಂದೊಂದೇ ತುಣುಕು ತೋರಿಸಿ “ಸೇರಿಸಲಾ?” ಎಂದು ಕೇಳುತ್ತದೆ. ನಿಧಾನ ಅನ್ನಿಸಬಹುದು. ಆದರೆ ನಿಮ್ಮ ಕೋಡನ್ನು ನೀವೇ ಇನ್ನೊಂದು ಸಲ ಓದುವ ಅವಕಾಶ ಅಲ್ಲೇ ಸಿಗುತ್ತದೆ.

ಸಂದೇಶದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಗಂಭೀರವಾಗಿ ಕಲಿಸುವುದಿಲ್ಲ. “ಚೇಂಜಸ್”, “ಅಪ್‌ಡೇಟ್”, “ಫೈನಲ್”, “ಫೈನಲ್ 2” ಎಂದು ಬರೆದರೆ ಆರು ತಿಂಗಳ ನಂತರ ಅದು ಯಾರಿಗೂ ಏನನ್ನೂ ಹೇಳುವುದಿಲ್ಲ. ಮೊದಲ ಸಾಲು ಚಿಕ್ಕದಿರಲಿ, ಸುಮಾರು 50 ಅಕ್ಷರ. ಒಂದು ಸಾಲು ಖಾಲಿ ಬಿಟ್ಟು ಕಾರಣ ಬರೆಯಿರಿ:

25 ಕೆಜಿ ಚೀಲಕ್ಕೂ ಜಿಎಸ್‌ಟಿ ಹಾಕು

ನಿಯಮ 25 ಕೆಜಿವರೆಗೆ ಅನ್ನುತ್ತದೆ. ಇಲ್ಲಿಯವರೆಗೆ 25ಕ್ಕಿಂತ ಕಡಿಮೆ ಇದ್ದರೆ ಮಾತ್ರ ತೆರಿಗೆ ಬೀಳುತ್ತಿತ್ತು.
ಟಿಕೆಟ್: ಬಿಲ್-142

ಏನು ಬದಲಾಯಿತು ಎಂದು ಡಿಫ್ ಹೇಗಿದ್ದರೂ ತೋರಿಸುತ್ತದೆ. ಯಾಕೆ ಎಂಬುದನ್ನು ನೀವೇ ಹೇಳಬೇಕು. “ಗಿಟ್ ಬ್ಲೇಮ್” ಎಂಬ ಕಮಾಂಡ್ ಇದೆ. ಪ್ರತಿ ಸಾಲಿನ ಪಕ್ಕ ಅದನ್ನು ಕೊನೆಗೆ ಮುಟ್ಟಿದವರ ಹೆಸರು, ಕಮಿಟ್ ಗುರುತು ತೋರಿಸುತ್ತದೆ. ಕಂಪನಿಯಲ್ಲಿ ಅದನ್ನು ದಿನಾ ಬಳಸುತ್ತಾರೆ, ಯಾರನ್ನೋ ಬೈಯಲಿಕ್ಕಲ್ಲ, ಆ ಸಾಲಿನ ಕಾರಣ ಹುಡುಕಲಿಕ್ಕೆ.

ಕಂಪನಿಗಳಲ್ಲಿ ಸಂದೇಶ ಇಂಗ್ಲಿಷಿನಲ್ಲೇ ಬರೆಯುತ್ತಾರೆ. ಆದರೆ ಕನ್ನಡದಲ್ಲಿ ಬರೆದರೂ ಗಿಟ್ ಒಪ್ಪುತ್ತದೆ, ಯೂನಿಕೋಡ್ ಆಗಿದ್ದರೆ ಸಾಕು. ಹಳೆಯ ನುಡಿ, ಬರಹ ಫಾಂಟಿನ ಆಸ್ಕಿ ಅಕ್ಷರಗಳನ್ನು ಕೋಡಿನಲ್ಲಿ ಇಡಬೇಡಿ. ಬಿಲ್ಲಿನ ಮೇಲೆ ಅಚ್ಚಾಗುವ ಕನ್ನಡ ಪದ ಡಿಫ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ನೋಡುವವರಿಗೆ ಸರಿತಪ್ಪು ಗೊತ್ತಾಗುವುದಿಲ್ಲ. ಫೈಲಿನ ಹೆಸರು ಕನ್ನಡದಲ್ಲಿದ್ದರೆ “ಗಿಟ್ ಸ್ಟೇಟಸ್” ಅದನ್ನು ಬರೀ ಅಂಕಿ, ಓರೆಗೆರೆಗಳ ಸಾಲಾಗಿ ತೋರಿಸುತ್ತದೆ. ಗಾಬರಿ ಬೇಡ. “ಕೋರ್.ಕೋಟ್‌ಪಾತ್” ಎಂಬ ಸೆಟ್ಟಿಂಗನ್ನು “ಫಾಲ್ಸ್” ಮಾಡಿದರೆ ಕನ್ನಡ ಸರಿಯಾಗಿ ಕಾಣುತ್ತದೆ.

5. ಪುಶ್ ಮಾಡಿ

“ಗಿಟ್ ಪುಶ್” ಎಂದರೆ ನಿಮ್ಮ ಬ್ರಾಂಚನ್ನು ಸರ್ವರ್‌ಗೆ ಕಳಿಸುವುದು. ಸಂಜೆ ಲ್ಯಾಪ್‌ಟಾಪ್ ಮುಚ್ಚುವ ಮೊದಲು ದಿನಾ ಮಾಡಿ, ಕೆಲಸ ಅರ್ಧವಿದ್ದರೂ ಪರವಾಗಿಲ್ಲ, ಅದು ನಿಮ್ಮದೇ ಬ್ರಾಂಚ್. ದೊಡ್ಡ ವಿಡಿಯೊ, ಡೇಟಾಬೇಸ್ ನಕಲು ಒಳಗೆ ಹಾಕಬೇಡಿ. ಗಿಟ್‌ಹಬ್ 100 ಎಂಬಿಗಿಂತ ದೊಡ್ಡ ಫೈಲನ್ನು ತೆಗೆದುಕೊಳ್ಳುವುದಿಲ್ಲ.

6. ಪುಲ್ ರಿಕ್ವೆಸ್ಟ್ ತೆರೆಯಿರಿ

ಪುಲ್ ರಿಕ್ವೆಸ್ಟ್ ಎಂದರೆ “ನನ್ನ ಬದಲಾವಣೆ ತಯಾರಿದೆ, ನೋಡಿ, ಸರಿ ಇದ್ದರೆ ಮೇನ್‌ಗೆ ಸೇರಿಸಿ” ಎಂಬ ಕೋರಿಕೆ. ಗಿಟ್‌ಲ್ಯಾಬ್‌ನಲ್ಲಿ ಇದನ್ನೇ ಮರ್ಜ್ ರಿಕ್ವೆಸ್ಟ್ ಅನ್ನುತ್ತಾರೆ. ಕಾಲೇಜಿಗೂ ಕಂಪನಿಗೂ ದೊಡ್ಡ ವ್ಯತ್ಯಾಸ ಇರುವುದು ಈ ಹಂತದಲ್ಲಿ. ನೀವು ಬರೆದ ಕೋಡನ್ನು ಇನ್ನೊಬ್ಬರು ಸಾಲು ಸಾಲಾಗಿ ಓದುತ್ತಾರೆ.

ವಿವರಣೆಯಲ್ಲಿ ಮೂರು ವಿಷಯ ಬರೆಯಿರಿ: ತೊಂದರೆ ಏನಿತ್ತು, ಏನು ಮಾಡಿದಿರಿ, ಹೇಗೆ ಪರೀಕ್ಷಿಸಿದಿರಿ. ನಮ್ಮ ಬದಲಾವಣೆಗೆ ಹಿರಿಯರು ಹೀಗೆ ಕೇಳಬಹುದು: “25 ಕೆಜಿಗೆ ಟೆಸ್ಟ್ ಎಲ್ಲಿ? 26 ಕೆಜಿ ಚೀಲಕ್ಕೆ ತೆರಿಗೆ ಬೀಳಬಾರದು, ಅದನ್ನೂ ಹಾಕಿ.” ಇದು ನಿಮ್ಮ ಮೇಲಿನ ದೂರು ಅಲ್ಲ. ಮೊದಲ ಸಲ ಕೋಡಿನ ಪಕ್ಕ ಹನ್ನೆರಡು ಟಿಪ್ಪಣಿ ಬಿದ್ದಾಗ ಮುಖ ಬಾಡುತ್ತದೆ, ನನಗದು ಗೊತ್ತು. ಒಂದೊಂದಕ್ಕೂ ಉತ್ತರ ಕೊಡಿ. ಒಪ್ಪದಿದ್ದರೆ ಕಾರಣ ಸಮೇತ ಮರ್ಯಾದೆಯಿಂದ ಹೇಳಿ. ಸುಮ್ನೆ “ಓಕೆ ಸರ್” ಅಂದು ಮುಂದೆ ಹೋದರೆ ಕಲಿಯುವುದು ಅಲ್ಲಿಗೇ ನಿಲ್ಲುತ್ತದೆ.

ಎಚ್ಚರಿಕೆ: ಪುಲ್ ರಿಕ್ವೆಸ್ಟ್ ಸಣ್ಣದಿರಲಿ. ಎರಡು ಸಾವಿರ ಸಾಲು ಒಟ್ಟಿಗೆ ಕಳಿಸಿದರೆ ಯಾರೂ ಪೂರ್ತಿ ಓದುವುದಿಲ್ಲ, ಮೇಲಿಂದ ಮೇಲೆ ನೋಡಿ ಒಪ್ಪಿಬಿಡುತ್ತಾರೆ. ತಪ್ಪು ನುಸುಳುವುದು ಹಾಗೆಯೇ.

ಇದೇ ಹೊತ್ತಿಗೆ ಸಿಐ ಓಡುತ್ತದೆ. ಸಿಐ ಎಂದರೆ ನೀವು ಪುಶ್ ಮಾಡಿದ ಕೂಡಲೇ ಸರ್ವರ್ ತಾನಾಗಿಯೇ ಕೋಡು ಕಟ್ಟಿ, ಎಲ್ಲ ಟೆಸ್ಟ್ ಓಡಿಸಿ ನೋಡುವ ವ್ಯವಸ್ಥೆ. ಗಿಟ್‌ಹಬ್ ಆ್ಯಕ್ಷನ್ಸ್, ಜೆಂಕಿನ್ಸ್ ಇಂಥವು. ಹಸಿರು ಗುರುತು ಬಂದರೆ ಮುಂದೆ, ಕೆಂಪು ಬಂದರೆ ನಿಲ್ಲಿ. “ನನ್ನ ಲ್ಯಾಪ್‌ಟಾಪಿನಲ್ಲಿ ಓಡ್ತಿತ್ತು” ಎಂಬ ಮಾತಿಗೆ ಅಲ್ಲಿ ಬೆಲೆ ಇಲ್ಲ.

7. ಕಾನ್ಫ್ಲಿಕ್ಟ್ ಬಂದರೆ

ಒಂದೇ ಸಾಲನ್ನು ಇಬ್ಬರು ಎರಡು ರೀತಿ ಬದಲಿಸಿದರೆ ಯಾವುದು ಇರಬೇಕು ಎಂದು ಗಿಟ್‌ಗೆ ಗೊತ್ತಾಗುವುದಿಲ್ಲ. ನಿಂತು ನಿಮ್ಮನ್ನೇ ಕೇಳುತ್ತದೆ. ಅದೇ ಕಾನ್ಫ್ಲಿಕ್ಟ್. ನೀವು ಕೆಲಸದಲ್ಲಿದ್ದಾಗ ತಂಡದ ಇನ್ನೊಬ್ಬರು 25 ಎಂಬ ಅಂಕಿಯನ್ನು ತೆಗೆದು, ಅದಕ್ಕೆ ಒಂದು ಹೆಸರು ಕೊಟ್ಟು ಮೇನ್‌ಗೆ ಸೇರಿಸಿದ್ದಾರೆ. ಮೇನ್ ಅನ್ನು ನಿಮ್ಮ ಬ್ರಾಂಚಿಗೆ ತಂದಾಗ ಫೈಲಿನಲ್ಲಿ ಹೀಗೆ ಕಾಣುತ್ತದೆ:

<<<<<<< ಹೆಡ್
ತೂಕ <= 25
=======
ತೂಕ < ತೆರಿಗೆ_ಮಿತಿ
>>>>>>> ಮೇನ್

ಮೇಲಿನದು ನಿಮ್ಮದು, ಕೆಳಗಿನದು ಮೇನ್‌ನಲ್ಲಿ ಇರುವುದು. ಎಡಿಟರ್ ಎರಡು ಬಟನ್ ತೋರಿಸುತ್ತದೆ, ನಿಮ್ಮದು ಬೇಕಾ, ಅವರದು ಬೇಕಾ ಎಂದು. ಅವಸರದಲ್ಲಿ ಅವರದನ್ನು ಒತ್ತಿದರೆ ಹಳೆಯ ತಪ್ಪು ವಾಪಸ್ ಬಂತು. ನಿಮ್ಮದನ್ನೇ ಉಳಿಸಿಕೊಂಡರೆ ಅವರ ಕೆಲಸ ಹಾಳಾಯಿತು. ಸರಿಯಾದ ಉತ್ತರ ಎರಡು ಬಟನ್‌ನಲ್ಲೂ ಇಲ್ಲ:

ತೂಕ <= ತೆರಿಗೆ_ಮಿತಿ

ಇಬ್ಬರ ಉದ್ದೇಶವನ್ನೂ ಓದಿ, ಕೈಯಿಂದ ಬರೆಯಬೇಕು. ಗುರುತಿನ ಸಾಲುಗಳನ್ನು ಅಳಿಸಿ, ಟೆಸ್ಟ್ ಓಡಿಸಿ, ಆಮೇಲೆ ಕಮಿಟ್ ಮಾಡಿ. ಅರ್ಥವಾಗದಿದ್ದರೆ ಆ ಸಾಲು ಬರೆದವರಿಗೇ ಫೋನ್ ಮಾಡಿ: “ಅಕ್ಕಾ, ಈ ಸಾಲು ಯಾಕೆ ಬದಲಿಸಿದ್ರಿ?” ಐದು ನಿಮಿಷದ ಮಾತು. ಊಹೆ ಮಾಡಿ ಒತ್ತಿದರೆ ಮಿಲ್‌ನ ಬಿಲ್ಲು ತಪ್ಪುತ್ತದೆ.

8. ಮರ್ಜ್, ಟ್ಯಾಗ್, ರಿಲೀಸ್

ಒಪ್ಪಿಗೆ ಸಿಕ್ಕ ಮೇಲೆ ಬದಲಾವಣೆ ಮೇನ್‌ಗೆ ಸೇರುತ್ತದೆ, ಅದೇ ಮರ್ಜ್. ಕೆಲವು ತಂಡಗಳು ಬ್ರಾಂಚಿನ ಎಲ್ಲ ಕಮಿಟ್‌ಗಳನ್ನು ಒಂದು ಮಾಡಿ ಸೇರಿಸುತ್ತವೆ, ಅದಕ್ಕೆ ಸ್ಕ್ವಾಶ್ ಎನ್ನುತ್ತಾರೆ. ಗ್ರಾಹಕರಿಗೆ ಕೊಡುವ ದಿನ ಆ ಕಮಿಟ್‌ಗೆ ಒಂದು ಚೀಟಿ ಹಚ್ಚುತ್ತಾರೆ, ಅದು ಟ್ಯಾಗ್. 1.4.2 ಎಂದಿದ್ದರೆ ಕೊನೆಯ ಅಂಕಿ ಸಣ್ಣ ದುರಸ್ತಿ, ನಡುವಿನದು ಹೊಸ ಸೌಲಭ್ಯ, ಮೊದಲನೆಯದು ಹಳೆಯದಕ್ಕೆ ಹೊಂದದಂಥ ದೊಡ್ಡ ಬದಲಾವಣೆ. ನಮ್ಮ 25 ಕೆಜಿ ದುರಸ್ತಿಗೆ 1.4.2 ಹೋಗಿ 1.4.3 ಆಗುತ್ತದೆ. ಮಿಲ್‌ನವರು ಫೋನ್ ಮಾಡಿದರೆ “ನಿಮ್ಮಲ್ಲಿ ಯಾವ ವರ್ಷನ್ ಇದೆ?” ಎಂದು ಕೇಳಿ, ಅದೇ ಕೋಡನ್ನು ತೆರೆಯಬಹುದು.

9. ಕೈ ತಪ್ಪಿದಾಗ

ಮೇನ್‌ಗೆ ಸೇರಿದ ಮೇಲೆ ತಪ್ಪು ಗೊತ್ತಾದರೆ “ಗಿಟ್ ರಿವರ್ಟ್”. ಇದೇ ಗುಮಾಸ್ತನ ಉಲ್ಟಾ ಎಂಟ್ರಿ. ಹಳೆಯ ಕಮಿಟ್ ಹಾಗೇ ಇರುತ್ತದೆ, ಅದನ್ನು ರದ್ದು ಮಾಡುವ ಹೊಸ ಕಮಿಟ್ ಬರುತ್ತದೆ. “ಗಿಟ್ ರಿಸೆಟ್” ಹಾಗಲ್ಲ, ಅದು ಇತಿಹಾಸವನ್ನೇ ಹಿಂದಕ್ಕೆ ಎಳೆಯುತ್ತದೆ. ಇನ್ನೂ ಪುಶ್ ಮಾಡದ ನಿಮ್ಮ ಸ್ವಂತ ಕೆಲಸಕ್ಕೆ ಮಾತ್ರ ಬಳಸಿ. ಅದಕ್ಕೆ “ಹಾರ್ಡ್” ಸೇರಿಸಿದರೆ ಕಮಿಟ್ ಮಾಡದ ಬದಲಾವಣೆಗಳು ಹೋದವು ಎಂದೇ ಲೆಕ್ಕ.

ಕಮಿಟ್ ಮಾಡಿದ್ದು ಕಳೆದುಹೋಯಿತು ಎಂದು ಅಳುವ ಮುಂಚೆ “ಗಿಟ್ ರಿಫ್ಲಾಗ್” ನೋಡಿ. ನೀವು ಎಲ್ಲೆಲ್ಲಿ ಇದ್ದಿರಿ ಎಂಬ ಹೆಜ್ಜೆಗುರುತು ಅದರಲ್ಲಿರುತ್ತದೆ. ಎಲ್ಲಿಗೂ ಸೇರದೆ ಉಳಿದ ಕಮಿಟ್‌ನ ಗುರುತನ್ನು ಕೂಡ ಗಿಟ್ ಸಾಮಾನ್ಯವಾಗಿ 30 ದಿನ ಇಟ್ಟುಕೊಳ್ಳುತ್ತದೆ.

ಎಲ್ಲರೂ ಬಳಸುವ ಬ್ರಾಂಚಿಗೆ “ಫೋರ್ಸ್ ಪುಶ್” ಮಾಡಲೇಬೇಡಿ. ಬೇರೆಯವರ ಕಮಿಟ್‌ಗಳನ್ನು ಸರ್ವರ್‌ನಿಂದ ಒರೆಸಿ ನಿಮ್ಮದನ್ನು ಇಟ್ಟಂತಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಪಾಸ್‌ವರ್ಡ್ ಅಥವಾ ಕೀ ಒಳಗೆ ಹೋಗುವುದು. ಮುಂದಿನ ಕಮಿಟ್‌ನಲ್ಲಿ ಅಳಿಸಿದರೆ ಸಾಲದು, ಇತಿಹಾಸದಲ್ಲಿ ಅದು ಇದ್ದೇ ಇರುತ್ತದೆ. ಮೊದಲು ಆ ಪಾಸ್‌ವರ್ಡನ್ನೇ ಬದಲಿಸಿ, ಆಮೇಲೆ ತಂಡದವರಿಗೆ ತಕ್ಷಣ ಹೇಳಿ. ಮುಚ್ಚಿಡಬೇಡಿ. ಅಂಥ ಫೈಲುಗಳ ಹೆಸರನ್ನು “ಗಿಟ್‌ಇಗ್ನೋರ್” ಫೈಲಿನಲ್ಲಿ ಮೊದಲೇ ಬರೆದಿಟ್ಟರೆ ಗಿಟ್ ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಒಮ್ಮೆ ಕಮಿಟ್ ಆದ ಫೈಲಿಗೆ ಇದು ನಡೆಯುವುದಿಲ್ಲ. ಅದನ್ನು “ಗಿಟ್ ಆರ್‌ಎಂ --ಕ್ಯಾಶ್ಡ್” ಕೊಟ್ಟು ಗಿಟ್‌ನ ಪಟ್ಟಿಯಿಂದ ಹೊರಗೆ ತೆಗೆಯಬೇಕು.

ಇನ್ನು “ಹಿಂದಿನ ತಿಂಗಳು ಸರಿ ಇತ್ತು, ಈಗ ಇಲ್ಲ, ಎಲ್ಲಿ ಕೆಟ್ಟಿತು?” ಎಂಬ ಪ್ರಶ್ನೆಗೆ “ಗಿಟ್ ಬೈಸೆಕ್ಟ್” ಇದೆ. ಒಂದು ಒಳ್ಳೆಯ ಕಮಿಟ್, ಒಂದು ಕೆಟ್ಟ ಕಮಿಟ್ ತೋರಿಸಿದರೆ ನಡುವಿನದನ್ನು ಅರ್ಧ ಅರ್ಧ ಮಾಡುತ್ತ ಹೋಗುತ್ತದೆ. ಸಾವಿರ ಕಮಿಟ್ ಇದ್ದರೂ ಹತ್ತು ಸಲ ನೋಡಿದರೆ ತಪ್ಪು ಸಿಗುತ್ತದೆ. ಕಮಿಟ್‌ಗಳು ಸಣ್ಣದಿದ್ದರೆ ಸಿಕ್ಕ ಕಮಿಟ್‌ನಲ್ಲಿ ತಪ್ಪಾದ ಸಾಲು ಎದ್ದು ಕಾಣುತ್ತದೆ.

10. ಕೆಲಸ ಸಿಗುವ ಮೊದಲೇ ಅಭ್ಯಾಸ ಮಾಡಿ

ಇದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ. ಬಳ್ಳಾರಿಯಲ್ಲೋ ರಾಯಚೂರಲ್ಲೋ ಗೆಳೆಯರು ಮೂವರು ಸೇರಿ. ನಿಮಗೆ ಗೊತ್ತಿರುವ ಅಂಗಡಿಗೆ ಬೇಕಾಗುವ ಸಣ್ಣ ಸಾಫ್ಟ್‌ವೇರ್ ಹಿಡಿಯಿರಿ: ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಪೀಸ್ ಲೆಕ್ಕ, ಭತ್ತದ 75 ಕೆಜಿ ಚೀಲವನ್ನು ಕ್ವಿಂಟಾಲ್‌ಗೆ ಬದಲಿಸುವ ಲೆಕ್ಕ, ಏನಾದರೂ ಸರಿ. ಒಬ್ಬರು ರೆಪೊ ಮಾಡಿ, ಮೇನ್‌ಗೆ ಬೀಗ ಹಾಕಿ. ಒಬ್ಬರ ಒಪ್ಪಿಗೆ ಇಲ್ಲದೆ ಏನೂ ಸೇರಬಾರದು ಎಂದು ಸೆಟ್ಟಿಂಗ್‌ನಲ್ಲೇ ಇಡಿ. ಖಾಸಗಿ ರೆಪೊಗೆ ಈ ಬೀಗ ಪುಕ್ಕಟೆ ಖಾತೆಯಲ್ಲಿ ಸಿಗುವುದಿಲ್ಲ, ಹಾಗಾಗಿ ಅಭ್ಯಾಸದ ರೆಪೊ ಎಲ್ಲರಿಗೂ ಕಾಣುವಂತೆ ಇರಲಿ. ಅದರಲ್ಲಿ ಯಾವ ಅಂಗಡಿಯ ನಿಜವಾದ ಲೆಕ್ಕವನ್ನೂ ಹಾಕಬೇಡಿ.

ಎರಡು ವಾರ ದಿನಕ್ಕೊಂದು ಸಣ್ಣ ಪುಲ್ ರಿಕ್ವೆಸ್ಟ್ ಸಾಕು. ಒಂದು ದಿನ ಬೇಕೆಂದೇ ಇಬ್ಬರು ಒಂದೇ ಸಾಲನ್ನು ಬದಲಿಸಿ ಕಾನ್ಫ್ಲಿಕ್ಟ್ ತಂದುಕೊಳ್ಳಿ, ಒಂದೇ ಟೇಬಲಿಗೆ ಕೂತು ಬಿಡಿಸಿ. ಇನ್ನೊಂದು ದಿನ ಮರ್ಜ್ ಆದದ್ದನ್ನು ರಿವರ್ಟ್ ಮಾಡಿ ನೋಡಿ. ಇಂಟರ್‌ವ್ಯೂನಲ್ಲಿ “ಕಾನ್ಫ್ಲಿಕ್ಟ್ ಬಂದಾಗ ಏನು ಮಾಡಿದಿರಿ?” ಎಂದು ಕೇಳಿದರೆ ಆ ಪುಲ್ ರಿಕ್ವೆಸ್ಟಿನ ಲಿಂಕ್ ತೆರೆದು, ಆ ಸಾಲನ್ನೇ ತೋರಿಸಿ.